ಚಂದ್ರನಲ್ಲಿರುವ ಅಚ್ಚಿನ ಅಕ್ಷರ

ಕೇಳುಗರಿಗೆ ನಮಸ್ಕಾರ.

ಅಕ್ಷರದ ಅಂದದ ಬಗ್ಗೆ ಬಾನುಲಿಯಲ್ಲಿ ಮಾತಾಡುವುದು ಸ್ವಲ್ಪ ಕಷ್ಟ. ತೋರಿಸುವ ಹಾಗಿಲ್ಲ, ಅಲ್ವಾ? ಅದಕ್ಕೆ ನೀವೇ ಒಂದು ಕೆಲಸ ಮಾಡಿ. ಕೈಗೆ ಸಿಕ್ಕಿದ ಹಾಳೆಯ ಮೇಲೆ ಒಂದು ನಾಣ್ಯ ಇಟ್ಟು ಸುತ್ತ ಪೆನ್ನು ಓಡಿಸಿ. ಇಂಗ್ಲಿಷಿನ ದೊಡ್ಡ ‘ಓ’ ಆಯಿತು. ಪಕ್ಕದಲ್ಲಿ ಸ್ಕೇಲು ಹಿಡಿದು ಚೂಪು ತುದಿಯ ತ್ರಿಕೋನ ಎಳೆಯಿರಿ, ಅಡಿಗೆರೆಯನ್ನು ಮಾತ್ರ ತುಸು ಮೇಲಿಡಿ. ಅದು ‘ಎ’. ಫ್ಯೂಚುರಾ ಎನ್ನುವ ಫಾಂಟ್ ಹೆಚ್ಚುಕಡಿಮೆ ಹೀಗೇ ಇದೆ. ಬಾಲವಿಲ್ಲ, ಕೊಕ್ಕೆಯಿಲ್ಲ.

ಹೆಚ್ಚುಕಡಿಮೆ ಅಂದೆ. ನಮ್ಮ ಕಣ್ಣು ಬರೀ ಸ್ಕೇಲಿನ ಲೆಕ್ಕವನ್ನು ಒಪ್ಪುವುದಿಲ್ಲ. ಒಂದೇ ದಪ್ಪದ ಗೆರೆ ಎಳೆದರೂ ಅಡ್ಡಗೆರೆ ಜಾಸ್ತಿ ದಪ್ಪ ಕಾಣುತ್ತದೆ. ದುಂಡು ಭಾಗ ಕಂಬಕ್ಕೆ ಸೇರುವ ಕಡೆ ಮಸಿ ಗಂಟು ಕಟ್ಟಿದಂತೆ ಅನಿಸುತ್ತದೆ. ಇದನ್ನು ರೂಪಿಸಿದ ಪಾಲ್ ರೆನ್ನರ್ ಅಂಥ ಕಡೆಗಳಲ್ಲೆಲ್ಲ ಗೆರೆಯನ್ನು ಯಾರಿಗೂ ಗೊತ್ತಾಗದಷ್ಟು ಸಣ್ಣ ಮಾಡಿದರು. ನನಗೆ ಈ ಅಕ್ಷರದಲ್ಲಿ ತುಂಬ ಇಷ್ಟವಾಗುವುದು ಇದೇ. ನೋಡಲು ಗಣಿತ, ಒಳಗೆಲ್ಲ ಕೈಯ ಕೆಲಸ.

ರೆನ್ನರ್ ಜರ್ಮನಿಯವರು, ಹುಟ್ಟಿದ್ದು 1878ರಲ್ಲಿ. ಫ್ರಾಂಕ್‌ಫರ್ಟಿನ ಬಾವರ್ ಎಂಬ ಅಚ್ಚುಮೊಳೆ ಕಾರ್ಖಾನೆ 1927ರಲ್ಲಿ ಫ್ಯೂಚುರಾವನ್ನು ಹೊರತಂದಿತು. ಹೆಸರಿನ ಅರ್ಥವೇ ‘ಮುಂಬರುವ ಕಾಲ’. ಆದರೆ ರೆನ್ನರ್ ಅವರ ಪಾಲಿಗೆ ಮುಂದೆ ಬಂದ ಕಾಲ ಒಳ್ಳೆಯದಾಗಿರಲಿಲ್ಲ. ನಾಜಿಗಳ ಸಂಸ್ಕೃತಿ ನೀತಿಯನ್ನು ಟೀಕಿಸಿ ಅವರು 1932ರಲ್ಲಿ ಒಂದು ಕಿರುಪುಸ್ತಕ ಬರೆದರು. ಮರುವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದ. ರೆನ್ನರ್ ಅವರನ್ನು ಬಂಧಿಸಿದರು. ಮ್ಯೂನಿಕ್‌ನ ಮುದ್ರಣ ಶಾಲೆಯಲ್ಲಿದ್ದ ಕೆಲಸವೂ ಹೋಯಿತು.

ಅಕ್ಷರ ಮಾತ್ರ ನಿಲ್ಲಲಿಲ್ಲ. ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಕಾರಿನ ಹೆಸರುವಾಸಿ ಜಾಹೀರಾತುಗಳು ಬಂದವಲ್ಲ, ಖಾಲಿ ಪುಟದಲ್ಲಿ ಪುಟ್ಟ ಕಾರು, ಕೆಳಗೆ ಎರಡೇ ಪದ? ಆ ಪದಗಳು ಇದೇ ಅಕ್ಷರದಲ್ಲಿದ್ದವು. ಸಿನಿಮಾ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಅವರಿಗೆ ಇದು ಅಚ್ಚುಮೆಚ್ಚು. 1999ರ ಅವರ ಕೊನೆಯ ಚಿತ್ರದ ಶೀರ್ಷಿಕೆಯೂ ಫ್ಯೂಚುರಾದಲ್ಲೇ ಇದೆ. ವೆಸ್ ಆ್ಯಂಡರ್ಸನ್ ಅವರ 2001ರ ‘ದ ರಾಯಲ್ ಟೆನೆನ್‌ಬಾಮ್ಸ್’ ನೋಡಿದವರು ಗಮನಿಸಿರಬಹುದು. ಶೀರ್ಷಿಕೆಯಲ್ಲಷ್ಟೇ ಅಲ್ಲ, ಕಥೆಯೊಳಗಿನ ಬಸ್ಸಿನ ಮೇಲೂ ಇದೇ ಅಕ್ಷರ. ಇಡೀ ಊರಿಗೆ ಒಬ್ಬನೇ ಬೋರ್ಡು ಬರೆದ ಹಾಗೆ! ಕಲಾವಿದೆ ಬಾರ್ಬರಾ ಕ್ರೂಗರ್ ಕೆಂಪು ಪಟ್ಟಿಯ ಮೇಲೆ ದಪ್ಪ, ಓರೆಯಾದ ಬಿಳಿ ಫ್ಯೂಚುರಾ ಇಟ್ಟು ಕೊಳ್ಳುಬಾಕತನವನ್ನು ಪ್ರಶ್ನಿಸಿದರು. ಮುಂದೆ ಸುಪ್ರೀಮ್ ಎಂಬ ಬಟ್ಟೆ ಕಂಪನಿಯ ಗುರುತು ಅದೇ ರೂಪದಲ್ಲಿ ಬಂತು. ಮಾರುವುದಕ್ಕೂ ಅದೇ ಅಕ್ಷರ, ಮಾರಾಟವನ್ನು ಪ್ರಶ್ನಿಸುವುದಕ್ಕೂ ಅದೇ.

ಜನ ಅಕ್ಷರವನ್ನು ಗಮನಿಸುವುದೇ ಇಲ್ಲ ಅನ್ನುವವರಿಗೆ ನಾನು ಐಕಿಯಾದ ಮಾತು ಹೇಳುತ್ತೇನೆ. ಸ್ವೀಡನ್ನಿನ ಈ ಪೀಠೋಪಕರಣ ಕಂಪನಿ ಬಹುಕಾಲ ಫ್ಯೂಚುರಾದ ಒಂದು ರೂಪವನ್ನು ಬಳಸುತ್ತಿತ್ತು. 2009ರಲ್ಲಿ ಅದನ್ನು ಬಿಟ್ಟು ವರ್ಡಾನಾ ಎಂಬ ಇನ್ನೊಂದು ಫಾಂಟಿಗೆ ಹೋದಾಗ ಎಷ್ಟೋ ದೇಶಗಳಲ್ಲಿ ಜನ ಸಿಟ್ಟಾದರು, ಸಹಿ ಸಂಗ್ರಹಿಸಿದರು. ಸೋಫಾ ಬದಲಾಗಿರಲಿಲ್ಲ, ಬೆಲೆಪಟ್ಟಿಯ ಅಕ್ಷರ ಬದಲಾಗಿತ್ತು, ಅಷ್ಟೇ. 2019ರಲ್ಲಿ ಕಂಪನಿ ನೋಟೋ ಎಂಬ ಫಾಂಟ್ ಕುಟುಂಬಕ್ಕೆ ಬಂತು. ಈ ಕುಟುಂಬದಲ್ಲಿ ಕನ್ನಡವೂ ಇದೆ. ರೆನ್ನರ್ ಅವರ ಫ್ಯೂಚುರಾದಲ್ಲಿ ಕನ್ನಡ ಇರಲಿಲ್ಲ. 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಐಕಿಯಾ ಬಾಗಿಲು ತೆರೆಯುವ ಹೊತ್ತಿಗೆ ಫ್ಯೂಚುರಾ ಅಲ್ಲಿಂದ ಹೋಗಿ ವರ್ಷಗಳೇ ಆಗಿದ್ದವು.

ಇನ್ನು ಚಂದ್ರನ ವಿಷಯ. 1969ರ ಜುಲೈಯಲ್ಲಿ ಅಪೊಲೊ 11ರ ಈಗಲ್ ನೌಕೆ ಇಳಿಯಿತಲ್ಲ, ಅದರ ಕಾಲಿಗೆ ಒಂದು ಸ್ಟೀಲಿನ ಫಲಕ ಹಾಕಿದ್ದರು. ಭೂಮಿಯ ಮನುಷ್ಯರು ಮೊದಲು ಇಲ್ಲಿ ಕಾಲಿಟ್ಟರು, ಇಡೀ ಮನುಕುಲದ ಪರವಾಗಿ ಶಾಂತಿಯಿಂದ ಬಂದೆವು ಎಂದು ಅದರಲ್ಲಿದೆ. ಎಲ್ಲ ದೊಡ್ಡಕ್ಷರ, ಎಲ್ಲ ಫ್ಯೂಚುರಾ. ರೆನ್ನರ್ ಇದನ್ನು ನೋಡಲಿಲ್ಲ, 1956ರಲ್ಲೇ ತೀರಿಕೊಂಡಿದ್ದರು. ನೌಕೆಯ ಕೆಳಭಾಗ ಚಂದ್ರನಲ್ಲೇ ಉಳಿಯಿತು, ಫಲಕವೂ ಅದರ ಜೊತೆಗೇ ಉಳಿಯಿತು. ಅದರಲ್ಲಿ ‘ಮೂನ್’ ಎಂಬ ಪದವಿದೆ. ನೀವು ಈಗ ನಾಣ್ಯವಿಟ್ಟು ಬರೆದ ‘ಓ’, ಅಲ್ಲಿ ಎರಡೆರಡು ಇವೆ, ಪಕ್ಕಪಕ್ಕ.

ನಮಸ್ಕಾರ.