ರಸ್ತೆಯ ಖರ್ಚು ಯಾರ ಜೇಬಿನಿಂದ? ಆಡಂ ಸ್ಮಿತ್ ಹಾಕಿದ ಲೆಕ್ಕ

[ತೆರೆಯ ಮೇಲೆ: ಹಳೆಯ ಇಂಗ್ಲೆಂಡಿನ ಸುಂಕದ ಗೇಟು, ಸರಕು ಹೊತ್ತ ಕುದುರೆ ಗಾಡಿ]

ನಮಸ್ಕಾರ. ಹದಿನೆಂಟನೇ ಶತಮಾನದ ಸ್ಕಾಟ್ಲೆಂಡಿನ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಅಂದ ಕೂಡಲೇ ‘ಸರ್ಕಾರ ಯಾವುದಕ್ಕೂ ಕೈಹಾಕಬಾರದು ಅಂದವರಲ್ಲವೇ’ ಎನ್ನುವವರೇ ಹೆಚ್ಚು. 1776ರ ‘ವೆಲ್ತ್ ಆಫ್ ನೇಷನ್ಸ್’ನ ಕೊನೆಯ ಭಾಗ ಓದಿದವರು ಹಾಗೆ ಹೇಳಲಾರರು. ಆ ಭಾಗವೆಲ್ಲ ಸರ್ಕಾರದ ಖರ್ಚು, ಆದಾಯ, ಸಾಲದ ವಿಚಾರವೇ. ರಕ್ಷಣೆ, ನ್ಯಾಯ, ಲೋಕೋಪಯೋಗಿ ಕೆಲಸ – ಈ ಮೂರೂ ದೊರೆಯ ಹೊಣೆ. ಆದರೆ ಹೊಣೆ ದೊರೆಯದು ಅಂದ ಮಾತ್ರಕ್ಕೆ ದುಡ್ಡೆಲ್ಲ ಖಜಾನೆಯಿಂದಲೇ ಬರಬೇಕೆಂದಿಲ್ಲ. ದುಡ್ಡು ಯಾರ ಕೈಯಿಂದ ಬಂದು ಯಾರ ಕೈ ಸೇರುತ್ತದೆ ಅನ್ನುವುದರ ಮೇಲೆ ಕೆಲಸದ ಗುಣಮಟ್ಟ ನಿಂತಿದೆ ಅನ್ನುವುದು ಅವರ ವಾದ.

ರಸ್ತೆಯನ್ನೇ ನೋಡಿ. ಗಾಡಿಯ ತೂಕಕ್ಕೆ ತಕ್ಕಂತೆ ಸುಂಕ ಹಾಕಿದರೆ, ರಸ್ತೆಯನ್ನು ಎಷ್ಟು ಸವೆಸಿದರೋ ಅಷ್ಟೇ ಕಟ್ಟಿದಂತಾಗುತ್ತದೆ. ಗಾಡಿಯವನು ಅದನ್ನು ಸರಕಿನ ಬೆಲೆಗೆ ಸೇರಿಸುತ್ತಾನೆ, ನಿಜ. ಆದರೆ ಒಳ್ಳೆಯ ರಸ್ತೆಯಿಂದ ಸಾಗಣೆ ಖರ್ಚು ಸುಂಕಕ್ಕಿಂತ ಹೆಚ್ಚು ಇಳಿಯುವುದರಿಂದ ಕೊಳ್ಳುವವನಿಗೂ ಲಾಭವೇ. ಇನ್ನೊಂದು ಉಪಯೋಗ ಇದಕ್ಕಿಂತ ದೊಡ್ಡದು: ಓಡಾಟವೇ ಇಲ್ಲದ ಕಡೆ ಸುಂಕ ಹುಟ್ಟುವುದಿಲ್ಲ. ಹಾಗಾಗಿ ಅರಮನೆಯ ಕಿಟಕಿಯಿಂದ ಚೆಂದ ಕಾಣಲಿ ಎಂದು ಯಾರೂ ದಾಟದ ಹೊಳೆಗೆ ಸೇತುವೆ ಕಟ್ಟಲು ಆಗುವುದಿಲ್ಲ.

[ತೆರೆಯ ಮೇಲೆ: ಎಡಕ್ಕೆ ದೋಣಿ ಸಾಗುವ ಕಾಲುವೆ, ಬಲಕ್ಕೆ ಗುಂಡಿ ಬಿದ್ದ ರಸ್ತೆ]

ಹಾಗಾದರೆ ಸುಂಕ ವಸೂಲಿಯನ್ನು ಖಾಸಗಿಯವರಿಗೆ ಕೊಡಬಹುದೇ? ಕಾಲುವೆಯಾದರೆ ಕೊಡಿ, ರಸ್ತೆಯಾದರೆ ಬೇಡ ಅನ್ನುತ್ತಾರೆ ಸ್ಮಿತ್. ಇಡೀ ಚರ್ಚೆಯಲ್ಲಿ ನಮಗೆ ಅತ್ಯಂತ ಇಷ್ಟವಾದ ಜಾಗ ಇದು. ಫ್ರಾನ್ಸಿನ ಲಾಂಗ್‌ಡಾಕ್ ಕಾಲುವೆಗೆ ರಾಜ ಮತ್ತು ಪ್ರಾಂತ್ಯ ಸೇರಿ 1 ಕೋಟಿ 30 ಲಕ್ಷ ಲೀವ್ರ್‌ಗೂ (ಆಗಿನ ಫ್ರೆಂಚ್ ಹಣ) ಹೆಚ್ಚು ಸುರಿದಿದ್ದರು. ಅದರ ಸುಂಕವನ್ನು, ಕಾಲುವೆ ಕಟ್ಟಿಸಿದ ಎಂಜಿನಿಯರ್ ರಿಕೆ ಅವರಿಗೇ ಬಿಟ್ಟುಕೊಟ್ಟರು. ಕಾಲುವೆ ಕೆಟ್ಟರೆ ದೋಣಿ ನಿಲ್ಲುತ್ತದೆ, ದೋಣಿ ನಿಂತರೆ ಸುಂಕ ನಿಲ್ಲುತ್ತದೆ; ಆದ್ದರಿಂದ ಆ ಮನೆತನಕ್ಕೆ ದುರಸ್ತಿ ಮಾಡದೆ ಗತ್ಯಂತರವಿಲ್ಲ. ರಸ್ತೆ ಹಾಗಲ್ಲ. ಎಷ್ಟೇ ಹಾಳಾದರೂ ಗಾಡಿಗಳು ಹೇಗೋ ತೆವಳುತ್ತವೆ, ಸುಂಕ ಬರುತ್ತಲೇ ಇರುತ್ತದೆ. ಮಾಲೀಕ ದುರಸ್ತಿಗೆ ಬಿಡಿಗಾಸು ಹಾಕದಿದ್ದರೂ ಅವನ ಆದಾಯ ಹೆಚ್ಚುಕಡಿಮೆ ಅಷ್ಟೇ. ಅದಕ್ಕೇ ರಸ್ತೆಯ ಸುಂಕ ಟ್ರಸ್ಟಿಗಳ, ಅಂದರೆ ಜನರ ಪರವಾಗಿ ರಸ್ತೆ ನೋಡಿಕೊಳ್ಳಲು ನೇಮಕವಾದವರ, ಕೈಯಲ್ಲಿರಲಿ ಅಂದರು.

ಟ್ರಸ್ಟಿಗಳೂ ಅನೇಕ ಕಡೆ ದುಡ್ಡು ಪೋಲು ಮಾಡುತ್ತಿದ್ದರು. ಅದನ್ನೂ ಸ್ಮಿತ್ ಮುಚ್ಚಿಡಲಿಲ್ಲ. ‘ಹಾಗಿದ್ದರೆ ಸರ್ಕಾರವೇ ಗೇಟುಗಳನ್ನು ವಹಿಸಿಕೊಂಡು, ಉಳಿದ ದುಡ್ಡನ್ನು ಬೇರೆ ಖರ್ಚಿಗೆ ಬಳಸಲಿ’ ಎಂಬ ಸಲಹೆ ಆಗಲೇ ಇತ್ತು. ಸ್ಮಿತ್ ಒಪ್ಪಲಿಲ್ಲ. ಖಜಾನೆಗೆ ಕಷ್ಟ ಬಂದಾಗಲೆಲ್ಲ ಸುಂಕ ಏರುತ್ತದೆ. ತೂಕದ ಮೇಲಿನ ಸುಂಕ ರಿಪೇರಿಗಷ್ಟೇ ಇದ್ದಾಗ ನ್ಯಾಯ; ಆದಾಯದ ಮೂಲವಾದರೆ ಬೆಲೆ ಕಡಿಮೆ, ಭಾರ ಹೆಚ್ಚಿರುವ ಸಾಮಾನು ಕೊಳ್ಳುವ ಬಡವನ ಮೇಲೆಯೇ ಹೊರೆ ಬೀಳುತ್ತದೆ. ಮೇಲಾಗಿ, ಸರ್ಕಾರವೇ ರಸ್ತೆ ಕೆಡಿಸಿದರೆ ಸುಂಕದ ದುಡ್ಡನ್ನು ರಸ್ತೆಗೇ ಹಾಕು ಎಂದು ಕೇಳುವವರು ಯಾರು?

[ತೆರೆಯ ಮೇಲೆ: ಕೋರ್ಟಿನ ಕಾಗದದ ಕಟ್ಟುಗಳು]

ಕೋರ್ಟಿನಲ್ಲೂ ಇದೇ ತರ್ಕ: ದುಡ್ಡು ಬರುವ ದಾರಿ ಹೇಗೋ ಕೆಲಸವೂ ಹಾಗೆ. ಗುಮಾಸ್ತರಿಗೆ ಬರೆದ ಪುಟದ ಲೆಕ್ಕದಲ್ಲಿ ದುಡ್ಡು ಕೊಟ್ಟಿದ್ದರಿಂದ ದಾವೆಯ ಭಾಷೆ ಬೇಕಿಲ್ಲದ ಪದಗಳಿಂದ ಊದಿಕೊಂಡಿತು.

ಬಳಸುವವರಿಂದ ವಸೂಲು ಮಾಡಲಾಗದ ಸೇವೆಗಳೂ ಇವೆ. ಸ್ಮಿತ್ ನಂತರದ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಜಾನ್ ಸ್ಟುವರ್ಟ್ ಮಿಲ್ 1848ರಲ್ಲಿ ದೀಪಸ್ತಂಭವನ್ನು ತೋರಿಸುತ್ತಾರೆ. ನಡುಗಡಲಿನಲ್ಲಿ ಬೆಳಕು ಕಂಡ ಹಡಗಿನಿಂದ ದುಡ್ಡು ಕೇಳುವುದು ಹೇಗೆ? ಸರ್ಕಾರ ಕಡ್ಡಾಯ ಶುಲ್ಕ ಹಾಕದಿದ್ದರೆ ಯಾರೂ ದೀಪಸ್ತಂಭ ಕಟ್ಟಿಸುವುದಿಲ್ಲ. ಇನ್ನು ಲಾಭ ಒಂದೇ ಊರಿಗೆ ಸಿಗುವ ಸೇವೆಗಳು: ಲಂಡನ್ನಿನ ಬೀದಿದೀಪಕ್ಕೆ ಇಡೀ ದೇಶದ ತೆರಿಗೆ ಬೇಡ, ಆ ಊರಿನವರೇ ದುಡ್ಡು ಕೊಡಲಿ ಅನ್ನುವುದು ಸ್ಮಿತ್ ನಿಲುವು.

ಶಾಲೆಯ ವಿಷಯದಲ್ಲಿ ಮಾತ್ರ ಇಬ್ಬರ ದಾರಿ ಸ್ವಲ್ಪ ಬೇರೆಯಾಗುತ್ತದೆ. ಸ್ಕಾಟ್ಲೆಂಡಿನ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು) ಶಾಲೆಗಳಂತೆ ಕೂಲಿಯವನಿಗೂ ಎಟಕುವ ಸಣ್ಣ ಶುಲ್ಕ ಇರಲಿ, ಸಂಬಳ ಪೂರ್ತಿ ಸರ್ಕಾರದಿಂದ ಬಂದರೆ ಮೇಷ್ಟ್ರು ಪಾಠ ಮರೆಯುತ್ತಾರೆ ಅನ್ನುತ್ತಾರೆ ಸ್ಮಿತ್. ಬಡವರ ಮಕ್ಕಳಿಗೆ ಪ್ರಾಥಮಿಕ ಶಾಲೆ ಉಚಿತವಾಗಿರಲಿ, ಇಲ್ಲವೇ ಕೊಟ್ಟದ್ದು ಗೊತ್ತೇ ಆಗದಷ್ಟು ಅಲ್ಪ ಶುಲ್ಕವಿರಲಿ ಅನ್ನುತ್ತಾರೆ ಮಿಲ್. ಇಲ್ಲಿ ನಾವು ಮಿಲ್ ಪಕ್ಷ: ಮೇಷ್ಟ್ರನ್ನು ಎಚ್ಚರದಲ್ಲಿಡಲು ಬೇರೆ ದಾರಿಗಳಿವೆ, ಶುಲ್ಕ ಕಟ್ಟಲಾಗದೆ ಹೊರಗುಳಿದ ಮಗುವಿಗೆ ಇಲ್ಲ.