ಮೊದಲು ಎಣ್ಣೆ ತೆಗೆಯಿರಿ, ಆಮೇಲೆ ಜಗಳ ಆಡಿ

ಎಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ ಹಡಗಿನ ಬಗ್ಗೆ ಮಾತಾಡಲು ಹೋಗುತ್ತಿದ್ದೇನೆ ಅಂದಾಗ ನನ್ನ ಹೆಂಡತಿ ನಕ್ಕಳು. "ಕೆರೆಗೆ ನೀರು ಬಂದರೆ ಸಾಕು ಅಂತ ಕಾಯೋ ಜನ, ಅವರಿಗೆ ಸಮುದ್ರದ ಕಥೆ ಹೇಳ್ತೀರಾ?" ಅಂದಳು. ನಾನು ಶ್ರೀನಿವಾಸಪುರದ ಕಡೆಯವನು. ಮಾವಿನ ತೋಪು ಬಿಟ್ಟು ಹೋಗಿ ಇಪ್ಪತ್ತಾರು ವರ್ಷ ಹಡಗಿನ ಇಂಜಿನ್ ರೂಮಿನಲ್ಲಿ ದುಡಿದೆ. ಸಮುದ್ರ ನೋಡಿದ್ದು ಕಡಿಮೆ, ಎಣ್ಣೆ ನೋಡಿದ್ದೇ ಜಾಸ್ತಿ. ಇವತ್ತಿನ ಮಾತೂ ಎಣ್ಣೆಯದ್ದೇ.

2025ರ ಮೇ 25ರಂದು ಕೊಚ್ಚಿಯ ಹತ್ತಿರ ಎಂಎಸ್‌ಸಿ ಎಲ್ಸಾ 3 ಅನ್ನುವ ಹಡಗು ಮುಳುಗಿತಲ್ಲ, ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಆರುನೂರಕ್ಕೂ ಹೆಚ್ಚು ಕಂಟೇನರ್, 84 ಟನ್ ಡೀಸೆಲ್, 367 ಟನ್ ಫರ್ನೇಸ್ ಆಯಿಲ್. ಚರ್ಚೆಗೆ ಕೂತವರು ತಪ್ಪು ಯಾರದು, ಕೇಸು ಯಾರ ಮೇಲೆ, ಪರಿಹಾರ ಎಷ್ಟು ಅಂತ ಕೂಗಾಡಿದರು. ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟಿಗೆ ಹೋಯಿತು. ಕೇಳಲಿ, ಬೇಡ ಅನ್ನುವುದಿಲ್ಲ. ಆದರೆ ತಳದಲ್ಲಿ ಕೂತ ಆ ಟ್ಯಾಂಕುಗಳು ಎಷ್ಟು ದಿನ ತಡೆಯುತ್ತವೆ ಅಂತ ನಾನು ನೋಡಿದ ಚರ್ಚೆಗಳಲ್ಲಿ ಒಬ್ಬರೂ ಕೇಳಲಿಲ್ಲ. ನಾನು ಟಿವಿಗೇ ಬೈದೆ. ಮೊಮ್ಮಗ ರಿಮೋಟ್ ಕಿತ್ತುಕೊಂಡು ಹೋದ.

ಹಡಗಿನ ಎಣ್ಣೆ ಅಂದರೆ ಬಂಕಿನಲ್ಲಿ ಹಾಕಿಸುವ ಡೀಸೆಲ್ ಅಂದುಕೊಳ್ಳಬೇಡಿ. ದೊಡ್ಡ ಹಡಗುಗಳು ಬಹಳ ಕಾಲದಿಂದ ಸುಟ್ಟಿದ್ದು ಹೆವಿ ಫ್ಯುಯೆಲ್ ಆಯಿಲ್, ಆಗ ಹೇಳಿದ ಫರ್ನೇಸ್ ಆಯಿಲ್‌ನ ಜಾತಿಯದ್ದೇ. ಕಚ್ಚಾ ತೈಲದಿಂದ ಪೆಟ್ರೋಲ್, ಡೀಸೆಲ್ ಎಲ್ಲ ತೆಗೆದ ಮೇಲೆ ಉಳಿಯುವ ಗಸಿ. ತಣ್ಣಗಾದರೆ ಟಾರು. ಪಂಪ್ ಮಾಡಬೇಕಾದರೆ 40-50 ಡಿಗ್ರಿಗೆ ಕಾಯಿಸಬೇಕು, ಇಂಜಿನ್ನಿಗೆ ಬಿಡುವಾಗ 130ರ ಆಸುಪಾಸು. ಒಮ್ಮೆ ನಮ್ಮ ಹಡಗಿನ ಬಾಯ್ಲರ್ ಕೈಕೊಟ್ಟಿತು. ಪೈಪಿನೊಳಗೇ ಎಣ್ಣೆ ಗಟ್ಟಿಯಾಯಿತು. ಬಿಚ್ಚಿ ಕೈ ಹಾಕಿದರೆ ಹಲಸಿನ ಅಂಟು ನೋಡಿ, ಹಾಗೆ. ಸೀಮೆಎಣ್ಣೆ ಹಾಕಿ ಉಜ್ಜಿದರೂ ಉಗುರಿನ ಸಂದಿಯಲ್ಲಿ ಹದಿನೈದು ದಿನ ಉಳಿಯಿತು. ಈಗ ಯೋಚನೆ ಮಾಡಿ. ಹಡಗು ಬಂಡೆ ಮೇಲೆ ಕೂತಿದೆ, ಇಂಜಿನ್ ರೂಮಿಗೆ ನೀರು ನುಗ್ಗಿದೆ, ಕರೆಂಟಿಲ್ಲ, ಬಾಯ್ಲರಿಲ್ಲ. ದಿನ ಕಳೆದಂತೆ ಎಣ್ಣೆ ದಪ್ಪ ಆಗುತ್ತದೆ. ಅಲೆ ಹೊಡೆದು ತಗಡು ಸಡಿಲ ಆಗುತ್ತದೆ. ತೆಗೆಯುವುದು ಕಷ್ಟ ಆಗುತ್ತಾ ಹೋಗುತ್ತದೆ, ಸೋರುವುದು ಸುಲಭ ಆಗುತ್ತಾ ಹೋಗುತ್ತದೆ. ಇಷ್ಟೇ ವಿಷಯ. ಇದು ಅರ್ಥವಾದರೆ ಉಳಿದ ಉಪನ್ಯಾಸ ಸುಮ್ನೆ ಕೇಳಿದರೂ ನಡೆಯುತ್ತದೆ.

ಇದನ್ನು ನಾನು ಕಲಿತದ್ದು ಸಮುದ್ರದಲ್ಲಲ್ಲ, ಬಾವಿಯಲ್ಲಿ. ಆ ಕಥೆ ಹೇಳಿಬಿಡುತ್ತೇನೆ.

ನಾನು ಆಗ ಆರನೇ ಕ್ಲಾಸು. ನಮ್ಮಪ್ಪನಿಗೂ ದೊಡ್ಡಪ್ಪನಿಗೂ ಸೇರಿ ಒಂದೇ ಬಾವಿ. ಅರವತ್ತು ಅಡಿ. ಈಗ 1,500 ಅಡಿ ಬೋರ್ ಕೊರೆಸುವ ಹುಡುಗರು ನಗಬೇಡಿ, ಆಗ ಅರವತ್ತಡಿಗೆ ನೀರಿತ್ತು. ಬಾವಿಯ ಅರ್ಧಕ್ಕೆ ಚಪ್ಪಡಿ ಹಾಕಿ ಡೀಸೆಲ್ ಇಂಜಿನ್ ಕೂರಿಸಿದ್ದರು. ಪಕ್ಕದಲ್ಲೇ ಒಂದು ಪೀಪಾಯಿ ಡೀಸೆಲ್. ಒಂದು ದಿನ ಅಪ್ಪನ ಸರದಿ, ಟೊಮೇಟೊಗೆ ನೀರು ಬಿಡುತ್ತಿದ್ದರು. ಹಿಂದಿನ ರಾತ್ರಿ ಮಳೆ ಜೋರಾಗಿತ್ತು. ಚಪ್ಪಡಿ ಕಳಚಿತು. ಇಂಜಿನ್ ಮುಳುಗಿತು, ಪೀಪಾಯಿ ತೇಲಿತು. ಡೀಸೆಲ್ ನೀರಿಗಿಂತ ಹಗುರ ನೋಡಿ.

ತೇಲುವ ಪೀಪಾಯಿ! ಹಗ್ಗ ಹಾಕಿ ಇಬ್ಬರು ಎಳೆದರೆ ಅರ್ಧ ಗಂಟೆ ಕೆಲಸ. ಯಾರೂ ಎಳೆಯಲಿಲ್ಲ. ಯಾಕೆ ಹೇಳಿ? ಎಳೆದವನು ತಪ್ಪು ಒಪ್ಪಿಕೊಂಡಂತೆ! "ನಿನ್ನ ಸರದಿಯಲ್ಲಿ ಬಿತ್ತು, ನೀನೇ ಎತ್ತು" ಅಂದರು ದೊಡ್ಡಪ್ಪ. "ಚಪ್ಪಡಿ ಕಟ್ಟಿಸಿದ್ದು ನೀನು" ಅಂದರು ಅಪ್ಪ. ಅರಳಿ ಕಟ್ಟೆ ಮೇಲೆ ಪಂಚಾಯಿತಿ ಸೇರಿತು. ಒಂದು ಸಲ ಅಲ್ಲ, ನಾಲ್ಕು ಸಲ. ನಮ್ಮೂರಿನ ನೀರುಗಂಟಿ, ಅಂದರೆ ಕೆರೆ ನೀರು ಹಂಚುವವನು, ಒಬ್ಬ ಮುದುಕ, ಕಟ್ಟೆಯ ಕೆಳಗೆ ಕೂತು ಪ್ರತಿ ಸಲ ಒಂದೇ ಮಾತು: "ಸ್ವಾಮಿ, ಮೊದಲು ಪೀಪಾಯಿ ಎತ್ತಿಬಿಡಿ. ಇಂಜಿನ್ ಎಲ್ಲೂ ಓಡಿಹೋಗಲ್ಲ." ಅವನ ಮಾತು ಯಾರಿಗೆ ಬೇಕು? ದೊಡ್ಡವರು ಲೆಕ್ಕ ಹಾಕುತ್ತಿದ್ದರು.

ರಾತ್ರಿ ಗಾಳಿ ಬೀಸಿದರೆ ಪೀಪಾಯಿ ಬಾವಿಯ ಕಲ್ಲಿಗೆ ಬಡಿಯುತ್ತಿತ್ತು. ಡಬ್. ಡಬ್. ಹಾಸಿಗೆಯಲ್ಲಿ ಮಲಗಿದವನಿಗೆ ಕೇಳಿಸುತ್ತಿತ್ತು. ಹದಿನೆಂಟನೇ ದಿನವೋ ಇಪ್ಪತ್ತನೇ ದಿನವೋ, ಬೆಳಗ್ಗೆ ಹೋಗಿ ನೋಡಿದರೆ ನೀರಿನ ಮೇಲೆ ನವಿಲುಗರಿಯ ಬಣ್ಣ.

ಈಗ ಮಾರಿಷಸ್‌ಗೆ ಬನ್ನಿ. 2020ರ ಜುಲೈ 25. ವಕಾಶಿಯೋ ಅನ್ನುವ ದೊಡ್ಡ ಹಡಗು, ಸರಕು ಇಲ್ಲದೆ ಖಾಲಿ ಹೋಗುತ್ತಿತ್ತು, ಹವಳದ ದಿಬ್ಬಕ್ಕೆ ಹತ್ತಿಬಿಟ್ಟಿತು. ದಡದ ಹತ್ತಿರ ಹೋದದ್ದು ಯಾಕೆ ಗೊತ್ತಾ? ಮೊಬೈಲ್ ಸಿಗ್ನಲ್ಲಿಗೆ! ತನಿಖೆಯಲ್ಲಿ ಬಂದ ಮಾತು ಇದು. ನಮ್ಮ ಕಡೆ ಸಿಗ್ನಲ್ ಸಿಗದಿದ್ದರೆ ಮಾವಿನ ಮರ ಹತ್ತುತ್ತಾರೆ, ಅವರು ಹಡಗನ್ನೇ ಹತ್ತಿಸಿದರು. ಸರಕಿಲ್ಲದಿದ್ದರೂ ತನ್ನದೇ ಇಂಧನ ನಾಲ್ಕು ಸಾವಿರ ಟನ್ನಿನ ಹತ್ತಿರ ಇತ್ತು. ಒಡೆದು ಸೋರಲು ಶುರುವಾಗಿದ್ದು ಆಗಸ್ಟ್ 6ಕ್ಕೆ. ನಡುವೆ ಹನ್ನೆರಡು ದಿನ. ಡಬ್, ಡಬ್. ಸುಮಾರು ಸಾವಿರ ಟನ್ ಹೊರಗೆ ಹೋಯಿತು. ಆಮೇಲೆ ಎದ್ದುಬಿದ್ದು ಉಳಿದದ್ದರಲ್ಲಿ ಬಹುಪಾಲನ್ನು ಪಂಪ್ ಮಾಡಿ ತೆಗೆದರು. ಆಗಸ್ಟ್ 15ಕ್ಕೆ ಹಡಗು ಎರಡು ತುಂಡು. ಅಂದರೆ ತೆಗೆಯುವುದಕ್ಕೆ ಆಗುತ್ತಿತ್ತು! ಸೋರಿದ ಮೇಲೆ ಒಂದು ವಾರದಲ್ಲಿ ಆದ ಕೆಲಸ ಸೋರುವ ಮೊದಲು ಹನ್ನೆರಡು ದಿನದಲ್ಲಿ ಯಾಕೆ ಆಗಲಿಲ್ಲ ಅಂತ ಅಲ್ಲಿನ ಜನ ಬೀದಿಗಿಳಿದು ಕೇಳಿದರು. ಕೇಳುವ ಮೊದಲು ಅವರು ಇನ್ನೊಂದು ಮಾಡಿದ್ದರು. ಕಬ್ಬಿನ ತರಗನ್ನು ಬಟ್ಟೆಯಲ್ಲಿ ತುಂಬಿ, ಹೊಲಿದು, ಉದ್ದುದ್ದ ದಿಂಬು ಮಾಡಿ ಎಣ್ಣೆಗೆ ಅಡ್ಡ ಬಿಟ್ಟರು. ಎಣ್ಣೆ ಹೀರುತ್ತದೆ ಅಂತ ತಲೆಗೂದಲು ಕತ್ತರಿಸಿ ಕೊಟ್ಟರು.

ಅಲ್ಲಿ ಹನ್ನೆರಡು ದಿನ. ಗೋವಾದಲ್ಲಿ ಹನ್ನೆರಡು ವರ್ಷ. ರಿವರ್ ಪ್ರಿನ್ಸೆಸ್ ಅಂತ ಹಡಗು, 2000ದ ಜೂನ್‌ನಲ್ಲಿ ಮಳೆಗಾಲದ ಗಾಳಿಗೆ ಕಾಂಡೋಲಿಂ ಬೀಚಿಗೆ ಬಂದು ಕೂತಿತು. ತೆಗೆದು ಮುಗಿಸಿದ್ದು 2012ಕ್ಕೆ. ಅಷ್ಟು ಹೊತ್ತಿಗೆ ಅದು ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಜಾಗ ಆಗಿತ್ತು. ನಾನೂ ತೆಗೆಸಿಕೊಂಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಟೆಂಡರ್, ಕೋರ್ಟು, ವಿಧಾನಸಭೆ, ಮತ್ತೆ ಟೆಂಡರ್. ಅಷ್ಟರಲ್ಲಿ ಹಡಗು ಮರಳಿನಲ್ಲಿ ಇಳಿಯುತ್ತಾ ಹೋಯಿತು.

ಹಾಗಂತ ಪೂರ್ತಿ ಹಡಗನ್ನೇ ಎತ್ತಬೇಕು ಅಂತ ನನ್ನ ಹಟ ಇಲ್ಲ. ನ್ಯೂಜಿಲೆಂಡ್‌ನಲ್ಲಿ 2011ರ ಅಕ್ಟೋಬರ್ 5ರಂದು ರೆನಾ ಹಡಗು ದಿಬ್ಬಕ್ಕೆ ಹೊಡೆಯಿತು. 1,368 ಕಂಟೇನರ್, 1,700 ಟನ್ ಎಣ್ಣೆ. ಸುಮಾರು 350 ಟನ್ ಸೋರಿತು, ಎರಡು ಸಾವಿರ ಹಕ್ಕಿ ಸತ್ತವು. ಆದರೂ ಡೈವರ್‌ಗಳು, ಪಂಪಿನವರು ಜೀವ ಒತ್ತೆ ಇಟ್ಟು ಸಾವಿರ ಟನ್ನಿಗೂ ಹೆಚ್ಚು ತೆಗೆದರು. ಮೂರು ತಿಂಗಳಲ್ಲಿ ಹಡಗು ಮುರಿಯಿತು. ಆಮೇಲೆ ಶುರುವಾಯಿತು ನಿಜವಾದ ಚರ್ಚೆ. ಆ ದಿಬ್ಬ ನಮಗೆ ಪವಿತ್ರ, ಒಂದು ಮೊಳೆಯೂ ಉಳಿಯಬಾರದು ಅಂದರು ಅಲ್ಲಿನ ಮೂಲನಿವಾಸಿ ಮಾವೊರಿಗಳಲ್ಲಿ ಹಲವರು. ಉಳಿದದ್ದು ಅಲ್ಲೇ ಇರಲಿ ಅಂದರು ಮಾಲೀಕರು. ವರ್ಷಗಟ್ಟಲೆ ನಡೆಯಿತು, ಕೊನೆಗೆ ಬಿಡಲು ಅನುಮತಿ ಸಿಕ್ಕಿತು. ಸರಿಯೋ ತಪ್ಪೋ, ವರ್ಷಗಟ್ಟಲೆ ವಾದ ಮಾಡಲು ಅವರಿಗೆ ಪುರುಸೊತ್ತು ಸಿಕ್ಕಿತು. ಯಾಕೆ? ಎಣ್ಣೆಯ ಬಹುಪಾಲು ಮೊದಲೇ ಆಚೆ ಬಂದಿತ್ತು. ಇಂಜಿನ್ ಎಲ್ಲೂ ಓಡಿಹೋಗಲ್ಲ.

ದುಡ್ಡಿನ ವಿಷಯ ಸ್ವಲ್ಪ. ಹಡಗು ಉಳಿಸುವವರ ಹಳೆಯ ಕರಾರು ಲಾಯ್ಡ್ಸ್ ಓಪನ್ ಫಾರ್ಮ್. ಉಳಿಸಿದರೆ ಕೂಲಿ, ಉಳಿಸದಿದ್ದರೆ ಸೊನ್ನೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಉಳಿಸಿ ಪ್ರಯೋಜನ ಇಲ್ಲದ ತುಕ್ಕು ಹಡಗಿಗೆ ಯಾರು ಕೈ ಹಾಕುತ್ತಾರೆ? 1978ರಲ್ಲಿ ಫ್ರಾನ್ಸ್ ಕರಾವಳಿಯಲ್ಲಿ ಅಮೊಕೊ ಕಾಡಿಜ್ ಅನ್ನುವ ತೈಲದ ಹಡಗು ಚುಕ್ಕಾಣಿ ಕೆಟ್ಟು ತೇಲುತ್ತಿದ್ದಾಗ ಅದನ್ನು ಎಳೆಯಲು ಟಗ್ ದೋಣಿ ಬಂತು. ಕರಾರಿನ ಮಾತುಕತೆಯಲ್ಲಿ ಹೊತ್ತು ಹೋಯಿತು. ಹಡಗು ಬಂಡೆಗೆ ಹೋಯಿತು. ಎರಡು ಲಕ್ಷ ಟನ್ನಿಗೂ ಮೇಲೆ ಎಣ್ಣೆ! ಅಂಥದ್ದೆಲ್ಲ ಆದ ಮೇಲೆ ಹಡಗು ಉಳಿಸುವ ಕೆಲಸದ 1989ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಹಡಗು ಉಳಿಯದಿದ್ದರೂ ಪರಿಸರ ಕಾಪಾಡಲು ದುಡಿದವನಿಗೆ ಖರ್ಚು ಕೊಡಬೇಕು ಅಂತ ಬರೆದರು. ನಮ್ಮ ನೀರುಗಂಟಿಗೆ ಆ ಕಲಮು ಓದಿ ಹೇಳಬೇಕು ಅನ್ನಿಸುತ್ತದೆ.

ಅಧ್ಯಕ್ಷರು ವಾಚು ನೋಡುತ್ತಿದ್ದಾರೆ. ಹಾಟ್ ಟ್ಯಾಪಿಂಗ್ ಬಗ್ಗೆ ಚಿತ್ರ ತಂದಿದ್ದೆ. ಮುಳುಗಿದ ಹಡಗಿನ ಮೈಗೆ ವಾಲ್ವ್ ಬಿಗಿದು, ಅದರೊಳಗಿಂದಲೇ ಡ್ರಿಲ್ ಹಾಕಿ, ಒಂದು ಹನಿ ಚೆಲ್ಲದೆ ಎಣ್ಣೆ ಎಳೆಯುವ ಉಪಾಯ. ಟೀ ಕುಡಿಯುವಾಗ ತೋರಿಸುತ್ತೇನೆ. ನಮ್ಮದೇ ಕರಾವಳಿಯಲ್ಲಿ ಕೆಟ್ಟ ಹಡಗುಗಳ ಕಥೆಯೂ ಎರಡಿತ್ತು. 2006ರಲ್ಲಿ ಕಾರವಾರದ ಹತ್ತಿರ ಓಷನ್ ಸೆರಾಯಾ, 2022ರಲ್ಲಿ ಉಳ್ಳಾಲದ ಹತ್ತಿರ ಪ್ರಿನ್ಸೆಸ್ ಮಿರಾಲ್. ಒಂದು ಮೇ ಕೊನೆ, ಇನ್ನೊಂದು ಜೂನ್. ಎರಡೂ ಮಳೆಗಾಲದ ಬಾಗಿಲಲ್ಲಿ. ಆ ತಿಂಗಳು ನೆನಪಿಟ್ಟುಕೊಳ್ಳಿ, ಸಾಕು.

ಕೋಲಾರಕ್ಕೂ ಇದಕ್ಕೂ ಏನು ಸಂಬಂಧ ಅಂತ ಯಾರೋ ಚೀಟಿ ಕಳಿಸಿದ್ದಾರೆ. ಕೆಜಿಎಫ್‌ನವರು ಕೈ ಎತ್ತಿ. ನೋಡಿ, ಇಷ್ಟು ಜನ. ಗಣಿ ಮುಚ್ಚಿದ್ದು 2001ರಲ್ಲಿ. ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಸೈನೈಡ್ ದಿಬ್ಬ ಅಲ್ಲೇ ನಿಂತಿದೆ. ಬೇಸಿಗೆ ಗಾಳಿಗೆ ಆ ದೂಳು ಯಾರ ಅಡುಗೆ ಮನೆಗೆ ಬರುತ್ತದೆ ಅಂತ ಇವರನ್ನೇ ಕೇಳಿ. ನಮ್ಮದೂ ಒಂದು ಹಡಗು ಕೂತಿದೆ ಸ್ವಾಮಿ, ನೀರಿಲ್ಲ ಅಷ್ಟೇ.

ಮುಂದಿನ ಸಾಲಿನ ಯಜಮಾನರು ಬಾವಿ ಏನಾಯಿತು ಅಂತ ಕೇಳುತ್ತಿದ್ದಾರೆ. ಹೇಳುತ್ತೇನೆ. ಎರಡು ತಿಂಗಳಿಗೆ ರಾಜಿ ಆಯಿತು, ಅರ್ಧರ್ಧ ಖರ್ಚು. ಇಂಜಿನ್ ಎತ್ತಿ ತೊಳೆದು ಒಣಗಿಸಿದರು. ಮೊದಲ ಏಟಿಗೇ ಶುರುವಾಯಿತು. ನೀರು ಮಾತ್ರ ಎರಡು ಮಳೆಗಾಲ ಎಮ್ಮೆ ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. ಅಮ್ಮ ಒಂದೂವರೆ ಮೈಲಿ ಆಚೆಯಿಂದ ಕೊಡ ಹೊತ್ತಳು. ಈಗ ಆ ಬಾವಿ ಮುಚ್ಚಿ, ಮೇಲೆ ಟೊಮೇಟೊ ಕ್ರೇಟ್ ಪೇರಿಸಿದ್ದಾರೆ.