ಕಪ್ ಬೀದಿಯಲ್ಲಿ ಕಪ್ಪದ ಲೆಕ್ಕ

ಹ್ಞಾಂ, ಇದೇ ಕಾಪರ್‌ಗೇಟ್, ಇಂಗ್ಲೆಂಡಿನ ಯಾರ್ಕ್ ಊರಿನ ನಡುಮಧ್ಯ. ಇಲ್ಲಿ ಕಾಪರೂ ಇಲ್ಲ, ಗೇಟೂ ಇಲ್ಲ. ಡೇನರ, ಅಂದ್ರೆ ಡೆನ್ಮಾರ್ಕಿಂದ ದಂಡೆತ್ತಿ ಬಂದೋರ ಮಾತಲ್ಲಿ 'ಗಾತಾ' ಅಂದ್ರೆ ಬೀದಿ, ಮೊದಲರ್ಧ ಮರದ ಕಪ್, ಬಟ್ಟಲು ಮಾಡೋರಿಗೆ ಸೇರಿದ್ದು. ಕೋಟೆ ಬಾಗಿಲಿಗೆ ಈ ಊರಲ್ಲಿ 'ಬಾರ್' ಅಂತಾರೆ, ಬಾಯಾರಿಕೆ ಅಂತ ಅಲ್ಲಿಗೆ ಹೋಗ್ಬೇಡಿ.

866ರಲ್ಲಿ ಡೇನರ ದಂಡು ಈ ಊರು ಹಿಡೀತು. ಹತ್ತು ವರ್ಷಕ್ಕೆ ಅವರ ನಾಯಕ ಹಾಲ್ಫ್‌ಡನ್ ಜಮೀನು ಹಂಚಿದ. ಲೂಟಿಗೆ ಬಂದೋರು ನೇಗಿಲು ಹಿಡಿದ್ರು.

ಈ ಮರದ ತುಂಡು ನೋಡಿ. ಇದು ಬಂದಿದ್ದು ಕಾಲಲ್ಲಿ ತುಳಿಯೋ ಲೇತಿಂದ, ಅಂದ್ರೆ ಮರ ತಿರುಗಿಸಿ ಕಡೆಯೋ ಯಂತ್ರದಿಂದ: ತುಳಿದಾಗ ಹಗ್ಗ ಎಳೆದು ಮರ ತಿರುಗುತ್ತೆ, ಕಾಲೆತ್ತಿದ್ರೆ ಮೇಲಿನ ಬಳುಕೋ ಗಳ ವಾಪಸ್ ಎಳೆಯುತ್ತೆ. ಉಳಿ ಹಿಡಿಯೋದು ತುಳಿದಾಗ ಮಾತ್ರ. ಬಟ್ಟಲಿನ ನಡುವೆ ಮರ ಸಿಕ್ಕಿಸಿಟ್ಟಿರೋದರಿಂದ ಅಲ್ಲೊಂದು ಗೂಟ ಉಳಿಯುತ್ತೆ, ಕೊನೆಗೆ ಮುರಿದು ಬಿಸಾಡ್ತಾರೆ. 1976ರಿಂದ 81ರವರೆಗೆ ಅಗೆದಾಗ ಸಿಕ್ಕಿದ್ದು ಆ ಗೂಟಗಳೇ. ಒದ್ದೆ ಮಣ್ಣಿಗೆ ಗಾಳಿ ಹೋಗಿಲ್ಲ, ಹಾಗಾಗಿ ಕೊಳೆತಿಲ್ಲ.

ಕಪ್ಪಿಂದ ಕಪ್ಪಕ್ಕೆ ಬರೋಣ. ಈ ಬೆಳ್ಳಿ ಪೆನ್ನಿ ಮೇಲೆ ಚೂರಿ ಗೀಟು ಕಾಣ್ತಿದ್ಯಾ? ಬೆಳ್ಳಿ ಅಸಲಿಯಾ ಬೆರಕೆಯಾ ಅಂತ ಡೇನರು ಕುಕ್ಕಿ ನೋಡ್ತಿದ್ರು. ನಂಬಿಕೆ ಅಷ್ಟರಲ್ಲೇ ಇತ್ತು!

991ರಲ್ಲಿ ಮಾಲ್ಡನ್‌ನಲ್ಲಿ ಡೇನರ ಎದುರು ಸೋತ ಮೇಲೆ ಇಂಗ್ಲೆಂಡ್ ಅವರಿಗೆ ಕೊಟ್ಟ ಕಪ್ಪ 10,000 ಪೌಂಡ್. ಪೌಂಡಿಗೆ 240 ಪೆನ್ನಿ, ಅಂದ್ರೆ 24 ಲಕ್ಷ ನಾಣ್ಯ. ಎಣಿಸೋನ ಗತಿ ಏನು? 994ಕ್ಕೆ 16,000. 1002ಕ್ಕೆ 24,000. ಅದೇ ವರ್ಷ ನವೆಂಬರಲ್ಲಿ ಇಂಗ್ಲೆಂಡಿನ ದೊರೆ ಎಥೆಲ್‌ರೆಡ್ ರಾಜ್ಯದ ಡೇನರನ್ನ ಕೊಲ್ಲೋಕೆ ಹುಕುಂ ಹೊರಡಿಸಿದ. ದುಡ್ಡೂ ಕೊಟ್ಟ, ಹಗೆನೂ ಕಟ್ಕೊಂಡ. ಪೆದ್ದ ಅಂದ್ರೆ ಪೆದ್ದನೇ.

ತಡೀರಿ, ಪೂರ್ತಿ ಪೆದ್ದ ಅನ್ನೋದೂ ತಪ್ಪು. 1012ರಲ್ಲಿ 48,000 ಕೊಟ್ಟ ಮೇಲೆ ಡೇನರ 45 ಹಡಗು ಇವನ ಕಡೆಗೇ ಬಂದ್ವು. ಆದ್ರೆ ಮರುವರ್ಷವೇ ಡೆನ್ಮಾರ್ಕಿನ ದೊರೆ ಸ್ವೆಯ್ನ್ ಬಂದು ಇವನನ್ನ ದೇಶ ಬಿಡಿಸಿದ, ಅದು ಬೇರೆ ಮಾತು. 1018ರಲ್ಲಿ ಸ್ವೆಯ್ನ್ ಮಗ ಕನ್ಯೂಟ್ ಇಂಗ್ಲೆಂಡಿಗೆ ತಾನೇ ದೊರೆಯಾಗಿ ವಸೂಲಿ ಮಾಡಿದ್ದು 72,000, ಲಂಡನ್ನಿಂದ ಪ್ರತ್ಯೇಕವಾಗಿ 10,500. ಒಟ್ಟು 1 ಕೋಟಿ 98 ಲಕ್ಷ ಪೆನ್ನಿ! ಅದರಲ್ಲಿ ತನ್ನ ದಂಡಿನ ಬಾಕಿ ತೀರಿಸಿ, 40 ಹಡಗು ಇಟ್ಕೊಂಡು ಉಳಿದವನ್ನ ಡೆನ್ಮಾರ್ಕಿಗೆ ಕಳಿಸಿದ. ಕಪ್ಪ ಕೊಡೋ ದೊರೆಗಿಂತ ಲೆಕ್ಕ ಬರೋ ದೊರೆ ವಾಸಿ ಅನ್ನಿಸುತ್ತೆ, ದುಡ್ಡು ಕಟ್ಟಿದೋರಿಗೆ ಏನನ್ನಿಸ್ತೋ!

ಅಯ್ಯೋ, ಕ್ಯಾಮೆರಾ ಶಾಟ್ ಮುಗೀತು. ಸೇತುವೆ ದಾಟಿದ್ರೆ ಮಿಕಲ್‌ಗೇಟ್, ದೊಡ್ಡ ಬೀದಿ ಅಂತ ಅರ್ಥ. ಅದರ ತುದೀಲಿ ಮಿಕಲ್‌ಗೇಟ್ ಬಾರ್. ಮೊದಲೇ ಹೇಳಿದ್ದೀನಿ, ಅದು ಬಾಗಿಲು.